ಗುಲ್ಮವೆಂಬ ಕಾವಲುಪಡೆ



ಜೀವಮಾನವನ್ನೆಲ್ಲ ಕನ್ನಡ ಪಾಠ ಹೇಳುವುದರಲ್ಲಿಯೇ ಕಳೆದವನೊಬ್ಬನು ಶಸ್ತ್ರಚಿಕಿತ್ಸೆಯ ವಿಷಯವಾಗಿ ಮಾತನಾಡಲು ಧ್ವನಿವರ್ಧಕದ ಮುಂದೆ ಕುಳಿತಿದ್ದಾನೆಂದರೆ ನಿಮಗೆ ಸೋಜಿಗವಾದೀತು. ನನಗೂ ಕೊಂಚ ಸಂಕೋಚವೇ. ವೈದ್ಯಶಾಸ್ತ್ರದಲ್ಲಿ ನನಗಿರುವ ಪ್ರವೇಶ ರೋಗಿಯ ಮಗ್ಗುಲಲ್ಲಿ ಕುಳಿತು ಕಾಯುವವನದು, ಅದಕ್ಕಿಂತ ಹೆಚ್ಚಿನದಲ್ಲ. ಆದರೆ ಕಾಯುವವನಿಗೂ ಕೇಳುವ ಕಿವಿಯಿರುತ್ತದೆ, ಕೇಳಿದ್ದನ್ನು ಓದಿ ತಿಳಿದುಕೊಳ್ಳುವಷ್ಟು ಬಿಡುವಿರುತ್ತದೆ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದಾಗಿ, ನಾನು ಹದಿನಾರು ವರ್ಷದ ಹುಡುಗನಾಗಿದ್ದಾಗ ಕಂಡ ಒಂದು ಸಾವಿನ ಕಾರಣ ಅರವತ್ತೈದರ ವಯಸ್ಸಿನಲ್ಲಿ ನನಗೆ ತಿಳಿಯಿತು. ಅದನ್ನು ಹೇಳಬೇಕೆಂದೇ ಈ ಮಾತಿಗೆ ಒಪ್ಪಿಕೊಂಡೆ.

ನಾನು ಮೂರ್ನಾಡಿನವನು. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿರುವ ಊರು. ಅಲ್ಲಿಂದ ಮುಂದೆ ಬೇತ್ರಿಯ ಸೇತುವೆಯಲ್ಲಿ ಕಾವೇರಿಯನ್ನು ದಾಟಬೇಕು. ನನ್ನ ತಂಗಿಯ ಮೊಮ್ಮಗಳೊಬ್ಬಳು ಅಲ್ಲಿಯೇ ಬೆಳೆದವಳು. 2023ರಲ್ಲಿ ಅವಳಿಗೆ ಹದಿನೆಂಟು ವರ್ಷ. ಕೊಡಗಿನ ಮಕ್ಕಳಿಗೆ ಹಾಕಿಯ ಹುಚ್ಚು ಹೊಸದೇನಲ್ಲ; 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದ ಮೇಲಂತೂ ನಮ್ಮ ಕಡೆಯ ಯಾವ ಮೈದಾನವೂ ಬೇಸಗೆಯಲ್ಲಿ ಸುಮ್ಮನೆ ಬಿದ್ದಿರುವುದಿಲ್ಲ. ಈ ಹುಡುಗಿಯೂ ಅದೇ ಹುಚ್ಚಿನವಳು. ಆ ವರ್ಷ ಅವಳಿಗೆ ಎಡ ಭುಜದಲ್ಲಿ ಒಂದು ಮಂದವಾದ ನೋವು ಹತ್ತಿಕೊಂಡಿತು. ಕೋಲು ಬೀಸಿದ್ದರಿಂದ ಬಂದ ನೋವೆಂದು ಎಣ್ಣೆ ಹಚ್ಚಿ ತಿಕ್ಕಿದ್ದಾಯಿತು. ಊಟಕ್ಕೆ ಕುಳಿತರೆ ಒಂದು ಅಕ್ಕಿರೊಟ್ಟಿ ಮುಗಿಯುವುದರೊಳಗೆ ಹೊಟ್ಟೆ ತುಂಬಿತೆನ್ನುತ್ತಿದ್ದಳು. ಹದಿನೆಂಟು ವರ್ಷದ ಹುಡುಗಿಯರು ತಿನ್ನದಿರುವುದಕ್ಕೆ ಇಂದಿನ ಕಾಲದಲ್ಲಿ ಬೇರೆ ಕಾರಣಗಳೂ ಇರುವುದರಿಂದ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೊನೆಗೆ ಮಡಿಕೇರಿಯಲ್ಲಿ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಿದಾಗ ಹೊರಬಿದ್ದದ್ದು ಇದು: ಗುಲ್ಮದ ಮೇಲ್ತುದಿಯಲ್ಲಿ ಹನ್ನೊಂದು ಸೆಂಟಿಮೀಟರು ಅಡ್ಡಳತೆಯ ಒಂದು ನೀರಿನ ಚೀಲ. ಭುಜದ ನೋವಿಗೂ ಹೊಟ್ಟೆಯೊಳಗಿನ ಈ ಚೀಲಕ್ಕೂ ಏನು ಸಂಬಂಧವೆಂದು ಕೇಳಿದರೆ, ವಪೆಯ ನರವೂ ಭುಜದ ಚರ್ಮದ ನರಗಳೂ ಕುತ್ತಿಗೆಯ ಒಂದೇ ಎಡೆಯಿಂದ ಹೊರಡುತ್ತವೆಯಂತೆ. ವಪೆಯನ್ನು ಕೆಳಗಿನಿಂದ ಏನಾದರೂ ಒತ್ತಿದರೆ ಮಿದುಳು ಮೋಸಹೋಗಿ ಭುಜವೇ ನೋಯುತ್ತಿದೆಯೆಂದು ತಿಳಿಯುತ್ತದೆ. ನಾವು ಎಣ್ಣೆ ತಿಕ್ಕಿದ್ದು ಮಿದುಳಿನ ಒಂದು ಭ್ರಾಂತಿಗೆ.

ವರದಿಯಲ್ಲಿದ್ದ ಇಂಗ್ಲಿಷ್ ಹೆಸರನ್ನು ತಂಗಿಗೆ ತಿಳಿಸಿ ಹೇಳಲು ನಾನು 'ಗುಲ್ಮ' ಎಂದೆ. ಹೇಳಿದ ಮೇಲೆ ಆ ಶಬ್ದವೇ ನನ್ನನ್ನು ಹಿಡಿದುಕೊಂಡಿತು. ವೃತ್ತಿಯ ಚಾಳಿ, ಕ್ಷಮಿಸಬೇಕು. ಅಮರಕೋಶದಲ್ಲಿ ಅಂಗಗಳ ಹೆಸರು ಹೇಳುವಲ್ಲಿ ಗುಲ್ಮ ಮತ್ತು ಪ್ಲೀಹ ಒಂದೇ ಅಂಗದ ಎರಡು ಹೆಸರುಗಳು. ಅದೇ ಕೋಶದ ನಾನಾರ್ಥವರ್ಗಕ್ಕೆ ಬಂದರೆ ಗುಲ್ಮವೆಂದರೆ ಒಂದು ರೋಗ, ಒಂದು ಪೊದೆ, ಒಂದು ಸೇನೆ. ಆಯುರ್ವೇದದವರು ಹೊಟ್ಟೆಯಲ್ಲಿ ಕೈಗೆ ಸಿಕ್ಕುವ ಗಂಟಿಗೆ ಗುಲ್ಮವೆಂದರು. ಅಂಗಕ್ಕೆ ಪ್ಲೀಹವೆಂಬುದನ್ನೇ ಬಳಸಿದರು. ನಮ್ಮ ಶಾಲಾಪುಸ್ತಕಗಳು ಅಂಗಕ್ಕೂ ಗುಲ್ಮವೆಂದೇ ಹೆಸರಿಟ್ಟವು. ಸೇನೆಯ ಲೆಕ್ಕದಲ್ಲಿ ಒಂದು ಗುಲ್ಮವೆಂದರೆ 9 ರಥ, 9 ಆನೆ, 27 ಕುದುರೆ, 45 ಕಾಲಾಳು. ಅಕ್ಷೌಹಿಣಿಯನ್ನು ಲೆಕ್ಕಹಾಕುವಾಗ ಪತ್ತಿ, ಸೇನಾಮುಖ, ಗುಲ್ಮ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ! ಹೊಟ್ಟೆಯ ಎಡಗಡೆ, ಒಂಬತ್ತು ಹತ್ತು ಹನ್ನೊಂದನೆಯ ಪಕ್ಕೆಲುಬುಗಳ ಮರೆಯಲ್ಲಿ ಅಡಗಿರುವ ನೂರೈವತ್ತು ಗ್ರಾಮಿನ ಈ ಮಾಂಸಪಿಂಡಕ್ಕೂ ಒಂದು ಸೈನ್ಯದ ತುಕಡಿಗೂ ಒಂದೇ ಹೆಸರು ಇರುವುದು ಕೇವಲ ಆಕಸ್ಮಿಕವಿರಬಹುದು. ಆದರೂ ಆ ಆಕಸ್ಮಿಕ ಎಷ್ಟು ಸಮರ್ಪಕವಾದದ್ದೆಂಬುದು ನನಗೆ ಅರಿವಾದದ್ದು ಮೈಸೂರಿನಲ್ಲಿ.

ಅಲ್ಲಿಗೆ ಹೋಗುವ ಮೊದಲು ನಮ್ಮ ನಾಡಿನ ಒಂದು ಮಾತು. ಮಲೆನಾಡಿನವರಿಗೆ ಗುಲ್ಮದ ಪರಿಚಯ ಪುಸ್ತಕದಿಂದ ಬಂದದ್ದಲ್ಲ. ಮಲೇರಿಯಾ ಜ್ವರ ಮರಳಿ ಮರಳಿ ಬಂದವರ ಎಡ ಹೊಟ್ಟೆಯಲ್ಲಿ ಗಟ್ಟಿಯಾದ ಒಂದು ಗಡ್ಡೆ ಬೆಳೆಯುತ್ತಿತ್ತು. ಅದನ್ನು 'ಜ್ವರಗಡ್ಡೆ' ಎನ್ನುತ್ತಿದ್ದರು. ಅದು ಹಿಗ್ಗಿದ ಗುಲ್ಮವೇ. ರೋಗಾಣು ಹೊಕ್ಕ ರಕ್ತಕಣಗಳನ್ನು ಸೋಸಿ ಸೋಸಿ ಅದು ಊದಿಕೊಳ್ಳುತ್ತಿತ್ತು. ಸೊಳ್ಳೆಗೂ ಜ್ವರಕ್ಕೂ ಇರುವ ನಂಟನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಅದಕ್ಕೂ ಐವತ್ತು ವರ್ಷ ಹಿಂದೆಯೇ ಡೆಂಪ್‌ಸ್ಟರ್ ಎಂಬ ವೈದ್ಯ ಉತ್ತರ ಹಿಂದುಸ್ಥಾನದ ಕಾಲುವೆ ಪ್ರದೇಶಗಳಲ್ಲಿ ಊರೂರಿಗೆ ಹೋಗಿ ಜನರ ಹೊಟ್ಟೆ ಮುಟ್ಟಿ ನೋಡಿ, ಎಷ್ಟು ಜನರ ಗುಲ್ಮ ಕೈಗೆ ಸಿಕ್ಕುತ್ತದೆಂಬುದರ ಮೇಲೆ ಆ ಊರಿನ ಜ್ವರದ ಪ್ರಮಾಣವನ್ನು ಗೊತ್ತುಮಾಡಿದನು. ಊರಿನ ಆರೋಗ್ಯವನ್ನು ಗುಲ್ಮದ ಮೇಲೆ ಓದುವ ಈ ಪದ್ಧತಿ ಆಮೇಲೆ ಬಹುಕಾಲ ನಡೆಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಬಂದವು. ಡಿ.ಡಿ.ಟಿ. ಸಿಂಪಡಿಸಿದವರು ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದುದು ನನ್ನ ಬಾಲ್ಯದ ನೆನಪು. ಜ್ವರಗಡ್ಡೆಯ ಅಜ್ಜಂದಿರನ್ನು ಕಂಡ ಕೊನೆಯ ತಲೆಮಾರು ನಮ್ಮದು. ಅದರಿಂದಾಗಿ ನಮ್ಮ ಮನಸ್ಸಿನಲ್ಲಿ ಗುಲ್ಮವೆಂದರೆ ಬರಿ ಕಾಟ ಕೊಡುವ ಅಂಗವೆಂಬ ಭಾವನೆ ನೆಲೆಯೂರಿತ್ತು. ಅದು ಏನಾದರೂ ಕೆಲಸ ಮಾಡುತ್ತದೆಂದು ಯಾರಿಗೂ ಅನ್ನಿಸಿರಲಿಲ್ಲ.

ನಮ್ಮ ಮನೆಯ ಮಟ್ಟಿಗೆ ಈ ಭಾವನೆಗೆ ಇನ್ನೊಂದು ಆಧಾರವೂ ಇತ್ತು. ನನಗಿಂತ ಆರು ವರ್ಷ ಹಿರಿಯನಾದ ನನ್ನ ಅಣ್ಣ 1969ರಲ್ಲಿ, ಮೆಣಸು ಕೊಯ್ಯುವ ಕಾಲದಲ್ಲಿ, ಸಿಲ್ವರ್ ಓಕ್ ಮರಕ್ಕೆ ಆನಿಸಿದ ಏಣಿ ಜಾರಿ ಬಿದ್ದನು. ಪಕ್ಕೆಲುಬು ಮುರಿಯಿತು, ಒಳಗೆ ಗುಲ್ಮ ಒಡೆಯಿತು. ಕಂಬಳಿಯಲ್ಲಿ ಸುತ್ತಿ ಜೀಪಿನಲ್ಲಿ ಸಾಗಿಸಿದರು. ದೂರದ ಊರೊಂದರ ಆಸ್ಪತ್ರೆಯಲ್ಲಿ ಆ ರಾತ್ರಿಯೇ ಹೊಟ್ಟೆ ಕೊಯ್ದು ಗುಲ್ಮವನ್ನು ತೆಗೆದುಹಾಕಿ ಅವನ ಪ್ರಾಣ ಉಳಿಸಿದರು. ಆ ವೈದ್ಯರಿಗೆ ನಾವು ಋಣಿಗಳು. ಆ ಹೊತ್ತಿನಲ್ಲಿ ಬೇರೆ ದಾರಿಯಿರಲಿಲ್ಲ. ಎದೆಯ ಕೆಳಗಿನಿಂದ ಹೊಕ್ಕುಳ ದಾಟಿ ಇಳಿದಿದ್ದ ಗಾಯದ ಗುರುತನ್ನು ಅವನು ಸ್ನಾನದ ಹೊತ್ತಿನಲ್ಲಿ ನಮಗೆ ಹೆಮ್ಮೆಯಿಂದ ತೋರಿಸುತ್ತಿದ್ದ. 'ಇಲ್ಲದಿದ್ದರೂ ನಡೆಯುತ್ತದೆಯಂತೆ' ಎಂದು ನಗುತ್ತಿದ್ದ. ಐದು ವರ್ಷ ನಡೆಯಿತು. 1974ರ ಮಳೆಗಾಲದಲ್ಲಿ ಒಂದು ಸಂಜೆ ಗದ್ದೆಯಿಂದ ಬಂದವನೇ ಚಳಿಯೆಂದು ಹೊದ್ದುಕೊಂಡು ಮಲಗಿದ. ಮಳೆಯಲ್ಲಿ ನೆಂದದ್ದೆಂದು ಅಮ್ಮ ಕಷಾಯ ಕೊಟ್ಟಳು. ನಡುರಾತ್ರಿಗೆ ಮಾತು ತಪ್ಪಿತು. ಕೈಕಾಲುಗಳ ಮೇಲೆ ನೇರಳೆ ಬಣ್ಣದ ಮಚ್ಚೆಗಳು ಕಾಣಿಸಿಕೊಂಡವು. ಜೀಪು ಬರುವ ಮೊದಲೇ, ಬೆಳಕು ಹರಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವನಿಗೆ ಇಪ್ಪತ್ತೆರಡು. ಹಾವು ಮುಟ್ಟಿರಬೇಕೆಂದರು ಕೆಲವರು. ಇನ್ನು ಕೆಲವರು ಬೇರೆ ಏನೇನೋ ಹೇಳಿದರು. ಏಣಿಯಿಂದ ಬಿದ್ದದ್ದಕ್ಕೂ ಆ ರಾತ್ರಿಗೂ ಸಂಬಂಧವಿದೆಯೆಂದು ಹೇಳಿದವರು ಒಬ್ಬರೂ ಇಲ್ಲ.

ಅಂತೂ ಹುಡುಗಿಯನ್ನು ಕರೆದುಕೊಂಡು ಬೇತ್ರಿ, ವಿರಾಜಪೇಟೆ, ಗೋಣಿಕೊಪ್ಪಲು, ತಿತಿಮತಿ, ಹುಣಸೂರಿನ ಮಾರ್ಗವಾಗಿ ಮೈಸೂರಿಗೆ ಹೋದೆವು. ಅಷ್ಟರಲ್ಲಿ ಮನೆಯಲ್ಲಿ ಭಯ ಬೇಕಾದಷ್ಟು ಬೆಳೆದಿತ್ತು. ರಕ್ತಪರೀಕ್ಷೆಯೊಂದರಲ್ಲಿ, ಕೆಲವು ಕ್ಯಾನ್ಸರುಗಳಲ್ಲಿ ಏರುವ ಒಂದು ವಸ್ತು ಇವಳಲ್ಲಿಯೂ ಏರಿತ್ತು. ಹುಡುಗಿಯ ತಂದೆ ರಾತ್ರಿಯೆಲ್ಲ ಅಂತರಜಾಲದಲ್ಲಿ ಹುಡುಕಿ ಕಣ್ಣು ಕೆಂಪಗೆ ಮಾಡಿಕೊಂಡಿದ್ದ. ಶಸ್ತ್ರವೈದ್ಯೆ, ನಲವತ್ತರ ಆಸುಪಾಸಿನವರು, ಮೊದಲು ಆ ಭಯವನ್ನೇ ಇಳಿಸಿದರು. ಗುಲ್ಮದ ನೀರ್ಚೀಲಗಳಲ್ಲಿ ಹುಟ್ಟಿನಿಂದಲೇ ಬಂದವುಗಳಿಗೆ ಒಳಗೆ ತೆಳುವಾದ ಒಂದು ಹೊರೆ ಇರುತ್ತದೆ. ಆ ಹೊರೆಯ ಜೀವಕೋಶಗಳೇ ಆ ವಸ್ತುವನ್ನು ಸುರಿಸುತ್ತವೆ. ಚೀಲ ನಿರಪಾಯವಾಗಿದ್ದರೂ ಅಂಕಿ ಏರುತ್ತದೆ ಎಂದರು. 'ಸಿಸ್ಟ್' ಎಂಬ ಮಾತಿಗೆ ಮೂಲವಾದ ಗ್ರೀಕ್ ಶಬ್ದಕ್ಕೂ ಚೀಲವೆಂದೇ ಅರ್ಥವಾದ್ದರಿಂದ ನಾನು ಇದನ್ನು ನೀರ್ಚೀಲವೆಂದೇ ಕರೆಯುತ್ತೇನೆ.

ಈ ನೀರ್ಚೀಲಗಳು ಬಹಳ ವಿರಳ. 1978ರಲ್ಲಿ ಪ್ರಕಟವಾದ ಒಂದು ಲೆಕ್ಕದಲ್ಲಿ, ಇಪ್ಪತ್ತೈದು ವರ್ಷಗಳ ಅವಧಿಯ 42,327 ಶವಪರೀಕ್ಷೆಗಳಲ್ಲಿ ಸಿಕ್ಕಿದ್ದು 32 ಮಾತ್ರ. ಒಳಹೊರೆಯಿರುವವು ಒಂದು ಬಗೆ. ಪೆಟ್ಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟಿ, ಅದು ಕಾಲಕ್ರಮದಲ್ಲಿ ಕರಗಿ ನೀರಾಗಿ ಉಳಿದವು ಇನ್ನೊಂದು ಬಗೆ, ಇವಕ್ಕೆ ಹೊರೆಯಿಲ್ಲ. ಮಲೇರಿಯಾದಿಂದ ನೊಂದ ಗುಲ್ಮದಲ್ಲಿಯೂ ಇಂಥವು ಹುಟ್ಟುವುದುಂಟು. ಮೂರನೆಯದು ನಾಯಿಗಳ ಕರುಳಿನಲ್ಲಿ ವಾಸಿಸುವ ಒಂದು ಸಣ್ಣ ಲಾಡಿಹುಳುವಿನಿಂದ ಬರುವ ಹೈಡಾಟಿಡ್ ಚೀಲ. ಇದು ಮೊದಲೆರಡರಂತೆ ಸಾಧುವಾದುದಲ್ಲ. ಅರಿಯದೆ ಸೂಜಿ ಚುಚ್ಚಿದರೆ ಒಳಗಿನ ದ್ರವ ಚೆಲ್ಲಿ ಕ್ಷಣಮಾತ್ರದಲ್ಲಿ ಪ್ರಾಣಾಪಾಯವಾಗಬಹುದು. ತೋಟದ ಮನೆಯಲ್ಲಿ ನಾಲ್ಕು ನಾಯಿ ಸಾಕಿದ್ದೇವೆಂದು ತಿಳಿದ ಕೂಡಲೆ ಅದಕ್ಕಾಗಿ ಬೇರೆಯೇ ರಕ್ತಪರೀಕ್ಷೆ ಮಾಡಿಸಿದರು. ಅದಲ್ಲವೆಂದು ತಿಳಿದ ಮೇಲೆಯೇ ಮುಂದಿನ ಮಾತು.

ಚೀಲ ಸಣ್ಣದಾಗಿದ್ದು ತೊಂದರೆ ಕೊಡದಿದ್ದರೆ ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಿದ್ದರೆ ಸಾಕಂತೆ. ಐದು ಸೆಂಟಿಮೀಟರು ಮೀರಿದರೆ, ಅಥವಾ ನೋವು ಕೊಡತೊಡಗಿದರೆ, ಸುಮ್ಮನಿರುವಂತಿಲ್ಲ; ಒಂದು ಪೆಟ್ಟಿಗೆ ಒಡೆಯಬಹುದು, ಒಳಗೆ ರಕ್ತ ಸುರಿಯಬಹುದು, ಕೀವಾಗಬಹುದು. ಹಾಕಿ ಆಡುವ ಹುಡುಗಿಗೆ ಹನ್ನೊಂದು ಸೆಂಟಿಮೀಟರಿನ ಚೀಲ! ಹುಡುಗಿಯ ತಾಯಿ, 'ಡಾಕ್ಟರೇ, ಇಡೀ ಗುಲ್ಮವನ್ನೇ ತೆಗೆದುಬಿಡಿ, ಒಮ್ಮೆಗೇ ಮುಗಿದುಹೋಗಲಿ' ಎಂದಳು. ನಾನೂ ಹಿರಿಯನೆಂಬ ಠೀವಿಯಿಂದ ಬೆಂಬಲ ಕೊಟ್ಟೆ. 'ಅದಿಲ್ಲದೆ ಬದುಕಬಹುದು. ನಮ್ಮಣ್ಣನಿಗೂ ತೆಗೆದಿದ್ದರು. ಐದು ವರ್ಷ ಗುಂಡುಕಲ್ಲಿನ ಹಾಗಿದ್ದ. ಆಮೇಲೆ ಬೇರೆ ಯಾವುದೋ ಜ್ವರದಲ್ಲಿ ಹೋದ.'

ವೈದ್ಯೆ ಬರೆಯುತ್ತಿದ್ದ ಲೇಖನಿಯನ್ನು ಕೆಳಗಿಟ್ಟರು. 'ಎಷ್ಟು ದಿನದ ಜ್ವರ?' ಎಂದು ಕೇಳಿದರು. ಒಂದು ರಾತ್ರಿಯದು ಎಂದೆ. 'ಮೈಮೇಲೆ ಏನಾದರೂ ಕಾಣಿಸಿತೇ?' ನೇರಳೆ ಮಚ್ಚೆಗಳು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸರ್, ಐವತ್ತು ವರ್ಷದ ಹಿಂದಿನದನ್ನು ನಾನು ಖಚಿತವಾಗಿ ಹೇಳಲಾರೆ. ಆದರೆ ಅದು ಬೇರೆ ಜ್ವರವಲ್ಲವೆಂದೇ ನನಗೆ ತೋರುತ್ತದೆ' ಎಂದರು.

ಆಮೇಲೆ ಅವರು ಹೇಳಿದ್ದನ್ನೂ, ನಾನು ತಿಂಗಳುಗಟ್ಟಲೆ ಓದಿ ತಿಳಿದುಕೊಂಡದ್ದನ್ನೂ ಬೆರೆಸಿ ಹೇಳುತ್ತೇನೆ. ಗುಲ್ಮ ಎರಡು ಕೆಲಸ ಮಾಡುತ್ತದೆ. ನಮ್ಮ ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನ. ಗುಲ್ಮದ ಒಳಗಿನ ಕಿರಿದಾದ ಸೀಳುಗಳಲ್ಲಿ ನುಸುಳಿ ಹೋಗುವಾಗ ಎಳೆಯ ಕಣಗಳು ಬಾಗಿ ಬಳುಕಿ ದಾಟುತ್ತವೆ. ಮುದಿಯಾಗಿ ಬಿಗಿತುಹೋದವು ಸಿಕ್ಕಿಬಿದ್ದು ನಾಶವಾಗುತ್ತವೆ. ಕಣದೊಳಗೆ ಏನಾದರೂ ಕಸವಿದ್ದರೆ ಅದನ್ನಷ್ಟೇ ಕಿತ್ತು ಕಣವನ್ನು ಮುಂದಕ್ಕೆ ಬಿಡುವ ಜಾಣ್ಮೆಯೂ ಉಂಟು. ಚರಕನು ರಕ್ತವಹಸ್ರೋತಸ್ಸುಗಳಿಗೆ ಯಕೃತ್ತೂ ಪ್ಲೀಹವೂ ಮೂಲವೆಂದದ್ದು ಇಂದಿನವರ ಅರ್ಥದಲ್ಲಿ ಅಲ್ಲದಿರಬಹುದು. ಸುಶ್ರುತನು ಪ್ಲೀಹ ಬೆಳೆದವರಿಗೆ ಎಡ ಮೊಳಕೈಯ ಒಳಗಿನ ಸಿರೆಯನ್ನೇ ಬಿಡಿಸಬೇಕೆಂದದ್ದನ್ನು ಇಂದು ಯಾರೂ ಮಾಡಲಾರರು. ಆದರೂ ಈ ಅಂಗ ರಕ್ತಕ್ಕೆ ಸೇರಿದ್ದೆಂಬುದನ್ನು ನಮ್ಮ ಪ್ರಾಚೀನರು ಬಿಡಲಿಲ್ಲ. ಪಾಶ್ಚಾತ್ಯರಲ್ಲಿ ಇದಕ್ಕೆ ಬೇರೆಯೇ ವಿಧಿ. ಗ್ರೀಕರು ಅದನ್ನು ಕರಿಯ ಪಿತ್ತದ, ಎಂದರೆ ವಿಷಣ್ಣತೆಯ, ನೆಲೆಯೆಂದರು. ಓಟಗಾರರಿಗೆ ಅದು ಅಡ್ಡಿಯೆಂದೂ, ಅದು ಹೋದರೆ ನಗೆಯೂ ಹೋಗುತ್ತದೆಂದು ಕೆಲವರ ನಂಬಿಕೆಯೆಂದೂ ರೋಮಿನ ಪ್ಲಿನಿ ಬರೆದನು. ಬೋದಿಲೇರನ ಕವಿತೆಗಳಲ್ಲಿ ಮಂಕುತನಕ್ಕೆ ಈ ಅಂಗದ ಹೆಸರೇ ಬಂದಿದೆ. ಲಂಕೇಶರು ಅವನನ್ನು 'ಪಾಪದ ಹೂಗಳು' ಎಂದು ಕನ್ನಡಕ್ಕೆ ತಂದದ್ದು 1974ರಲ್ಲಿ, ನನ್ನ ಅಣ್ಣ ತೀರಿಕೊಂಡ ವರ್ಷ. ಎಂ.ಎ. ತರಗತಿಯಲ್ಲಿ ಅದನ್ನು ಓದಿದಾಗ ಆ ಶಬ್ದದ ಅಂಗಾರ್ಥ ನನಗೆ ಹೊಳೆಯಲೇ ಇಲ್ಲ.

ಗುಲ್ಮದ ಎರಡನೆಯ ಕೆಲಸವೇ ಸೈನ್ಯದ ಕೆಲಸ. ಕೆಲವು ಬ್ಯಾಕ್ಟೀರಿಯಗಳು ಮೈಮೇಲೆ ಜಾರುವಂಥ ಕವಚ ತೊಟ್ಟು ಬರುತ್ತವೆ. ಅವುಗಳಲ್ಲಿ ನ್ಯುಮೋಕಾಕಸ್ ಮುಖ್ಯವಾದುದು. ರಕ್ತದಲ್ಲಿ ಅವುಗಳನ್ನು ಗುರುತಿಸಿ, ಗುರುತುಹಚ್ಚಿ, ಹಿಡಿದು ತಿನ್ನುವ ಪಡೆ ಬೀಡುಬಿಟ್ಟಿರುವುದು ಬಹುಮಟ್ಟಿಗೆ ಗುಲ್ಮದಲ್ಲಿ. ಆ ಬೀಡು ಇಲ್ಲದವರ ರಕ್ತಕ್ಕೆ ಇವು ನುಗ್ಗಿದರೆ ಗಂಟೆಗಂಟೆಗೆ ಹೆಚ್ಚುತ್ತವೆ. ಸಂಜೆ ಸಾಮಾನ್ಯವಾದ ಚಳಿಜ್ವರ, ರಾತ್ರಿ ಸನ್ನಿ, ಚರ್ಮದಡಿ ರಕ್ತ ಸೋರಿ ನೇರಳೆ ಮಚ್ಚೆ, ಬೆಳಗಿಗೆ ಸಾವು. ಎಲ್ಲರಿಗೂ ಹೀಗಾಗುವುದಿಲ್ಲ, ಬಹಳ ಜನ ಗುಲ್ಮವಿಲ್ಲದೆಯೂ ಪೂರ್ಣಾಯುಷ್ಯ ಬಾಳಿದ್ದಾರೆ. ಆದರೆ ಅಪಾಯ ಮೊದಲ ಕೆಲವು ವರ್ಷಗಳಲ್ಲಿ ಹೆಚ್ಚು, ಆಮೇಲೂ ಜೀವನಪರ್ಯಂತ ಅದು ಸಂಪೂರ್ಣವಾಗಿ ಬಿಟ್ಟುಹೋಗುವುದಿಲ್ಲ. ಇದನ್ನು ಮೊದಲು ಸ್ಪಷ್ಟವಾಗಿ ಕಂಡವರು ಅಮೆರಿಕದ ಕಿಂಗ್ ಮತ್ತು ಶೂಮ್ಯಾಕರ್. 1952ರಲ್ಲಿ, ಗುಲ್ಮ ತೆಗೆಸಿಕೊಂಡ ಐದು ಎಳೆಗೂಸುಗಳ ವೃತ್ತಾಂತದಲ್ಲಿ. ಆ ಅರಿವು ಶಸ್ತ್ರಶಾಲೆಗಳಿಗೆ ಹರಡಲು ದಶಕಗಳು ಹಿಡಿದವು. ನ್ಯುಮೋಕಾಕಸ್ಸಿನ ಹದಿನಾಲ್ಕು ಬಗೆಗಳನ್ನು ತಡೆಯುವ ಲಸಿಕೆಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು 1977ರಲ್ಲಿ. ಅಣ್ಣ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಯಾರನ್ನು ದೂರಲಿ? ಅವನ ಪ್ರಾಣ ಉಳಿಸಿದವರಿಗೆ ಕೊಡಲು ಲಸಿಕೆಯೇ ಇರಲಿಲ್ಲ.

ಮೈಸೂರಿನ ಆ ಕೊಠಡಿಯಲ್ಲಿ ಇದೆಲ್ಲ ಕೇಳುತ್ತಿದ್ದಾಗ ನನ್ನ ತಂಗಿ ಅಳತೊಡಗಿದಳು. 1974ರಲ್ಲಿ ಅವಳಿಗೆ ಹದಿನಾಲ್ಕು. ಅಣ್ಣನಿಗೆ ಕಷಾಯದ ಲೋಟ ಹಿಡಿದವಳು ಅವಳೇ.

ಹಾಗಾದರೆ ಏನು ಮಾಡುವುದು? 1867ರಲ್ಲಿ ಪ್ಯಾರಿಸಿನ ಪೇಯಾಂ ಎಂಬ ಶಸ್ತ್ರವೈದ್ಯ ಇಂಥದೇ ನೀರ್ಚೀಲವಿದ್ದ ಯುವತಿಯೊಬ್ಬಳ ಇಡೀ ಗುಲ್ಮವನ್ನು ತೆಗೆದು ಅವಳನ್ನು ಬದುಕಿಸಿದ್ದನು. ಆಮೇಲೆ ನೂರು ವರ್ಷ ಅದೇ ರಾಜಮಾರ್ಗವಾಯಿತು. ಚೀಲ ಸಣ್ಣದಿರಲಿ ದೊಡ್ಡದಿರಲಿ, ಗುಲ್ಮ ಹೋಗುತ್ತಿತ್ತು. ಈಗ ಚೀಲ ತೆಗೆದು ಗುಲ್ಮ ಉಳಿಸುವುದು ಗುರಿ. ಸೂಜಿಯಿಂದ ನೀರು ಹೀರಿದರೆ ಕೆಲವೇ ದಿನಗಳಲ್ಲಿ ಮತ್ತೆ ತುಂಬುತ್ತದೆ. ಚೀಲದ ಹೊರಗೋಡೆಯನ್ನು ಕತ್ತರಿಸಿ, ಮನೆಯ ಮಾಡು ತೆಗೆದಂತೆ ಬಯಲಾಗಿಸುವುದು ಇನ್ನೊಂದು ಉಪಾಯ. ಇದು ಸುಲಭ, ರಕ್ತಸ್ರಾವ ಕಡಿಮೆ. ಆದರೆ ಒಳಹೊರೆ ಉಳಿದಲ್ಲಿ ಅದು ಮತ್ತೆ ನೀರು ಸುರಿಸಿ, ಸುತ್ತಲಿನ ಅಂಗಗಳನ್ನೇ ಗೋಡೆ ಮಾಡಿಕೊಂಡು ಚೀಲ ಮರಳಿ ಕಟ್ಟಿಕೊಳ್ಳಬಹುದು. ಮೂರನೆಯದು ಚೀಲವಿರುವ ತುದಿಯನ್ನು ಮಾತ್ರ ಕತ್ತರಿಸಿ ಉಳಿದ ಗುಲ್ಮವನ್ನು ಬಿಡುವುದು. ಕಾಲುಭಾಗದಷ್ಟಾದರೂ ಗುಲ್ಮ ರಕ್ತದ ಹರಿವಿನೊಡನೆ ಉಳಿದರೆ ಕಾವಲಿನ ಕೆಲಸ ನಡೆಯುತ್ತದೆಂದು ಎಣಿಕೆ. ಇದು ಸಾಧ್ಯವಾದದ್ದು ಗುಲ್ಮದ ರಕ್ತನಾಳದ ಒಂದು ಗುಣದಿಂದ. ಧಮನಿ ಒಳಹೊಗುವ ಮೊದಲೇ ಕವಲೊಡೆದು, ಒಂದೊಂದು ಕವಲೂ ಒಂದೊಂದು ಭಾಗಕ್ಕೆ ಮಾತ್ರ ನೀರುಣಿಸುತ್ತದೆ. ಗದ್ದೆಯ ಮಡಿಗಳಿಗೆ ಬೇರೆ ಬೇರೆ ತೂಬು ಇದ್ದಂತೆ. ಒಂದು ತೂಬು ಮುಚ್ಚಿದರೆ ಆ ಮಡಿಯೊಂದೇ ಒಣಗುತ್ತದೆ.

ಇಷ್ಟನ್ನೂ ಹೊಟ್ಟೆ ಸೀಳದೆ ಮಾಡುವ ವಿದ್ಯೆಯ ಚರಿತ್ರೆ ದೀರ್ಘವಾದದ್ದು; ನಾನು ಓಡುತ್ತಲೇ ಹೇಳುತ್ತೇನೆ. 1901ರಲ್ಲಿ ಜರ್ಮನಿಯ ಕೆಲ್ಲಿಂಗ್ ನಾಯಿಯೊಂದರ ಉದರಕ್ಕೆ ಗಾಳಿ ತುಂಬಿ ನಳಿಗೆಯಿಂದ ಇಣುಕಿದನು. 1980ರಲ್ಲಿ ಕೀಲ್ ನಗರದ ಸ್ತ್ರೀರೋಗತಜ್ಞ ಕುರ್ಟ್ ಸೆಮ್ ನಳಿಗೆಯ ಮೂಲಕವೇ ಕರುಳುಬಾಲವನ್ನು ತೆಗೆದಾಗ ಶಸ್ತ್ರವೈದ್ಯರೇ ಹರಿಹಾಯ್ದರು. 1985ರಲ್ಲಿ ಮ್ಯೂಹೆ ಪಿತ್ತಕೋಶವನ್ನು ತೆಗೆದನು. ಅದೇ ವರ್ಷ ನ್ಯೂಯಾರ್ಕಿನ ಸಾಲ್ಕಿ ಮತ್ತು ಸಂಗಡಿಗರು ಗುಲ್ಮದ ನೀರ್ಚೀಲವೊಂದಕ್ಕೆ ಈ ಬಗೆಯಲ್ಲಿ ಚಿಕಿತ್ಸೆ ಮಾಡಿದುದನ್ನು ವರದಿ ಮಾಡಿದರು. 1990ರಲ್ಲಿ ಮುಂಬಯಿಯ ತೆಹೆಮ್ಟನ್ ಉದ್ವಾಡಿಯಾ ಭಾರತದಲ್ಲಿ ಪಿತ್ತಕೋಶದ ಇಂಥ ಶಸ್ತ್ರಕ್ರಿಯೆಯನ್ನು ಆರಂಭಿಸಿದರು. ಅವರು ತೀರಿಕೊಂಡದ್ದು 2023ರಲ್ಲಿ, ನಮ್ಮ ಹುಡುಗಿಯ ಶಸ್ತ್ರಕ್ರಿಯೆ ನಡೆದ ವರ್ಷವೇ. 1991ರಲ್ಲಿ ಫ್ರಾನ್ಸಿನ ದೆಲೇತ್ರ್ ಇಡೀ ಗುಲ್ಮವನ್ನೇ ಹೀಗೆ ತೆಗೆದು ತೋರಿಸಿದನು. ಗಾಯ ಚಿಕ್ಕದು, ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು ಎಂದು ಇದರ ಹೊಗಳಿಕೆಯನ್ನು ಎಲ್ಲರೂ ಕೇಳಿದ್ದೀರಿ. ಅದೆಲ್ಲ ನಿಜವೇ. ನನಗೆ ಮಾತ್ರ ಹೊರಗಿನ ಗಾಯ ಎಷ್ಟುದ್ದವೆಂಬುದಕ್ಕಿಂತ ಒಳಗೆ ಏನನ್ನು ಉಳಿಸಿದರೆಂಬುದೇ ದೊಡ್ಡದಾಗಿ ಕಾಣುತ್ತದೆ. ಸಣ್ಣ ರಂಧ್ರದಿಂದ ಇಡೀ ಗುಲ್ಮವನ್ನು ತೆಗೆದರೂ ಅಣ್ಣನಿಗೆ ಆದದ್ದು ಆಗಬಹುದಲ್ಲವೇ?

ಶಸ್ತ್ರಕ್ರಿಯೆಗೆ ಎರಡು ವಾರ ಮೊದಲೇ ಅವಳಿಗೆ ನ್ಯುಮೋಕಾಕಸ್, ಮೆನಿಂಗೋಕಾಕಸ್ ಮತ್ತು ಹೀಮೋಫಿಲಸ್ ಲಸಿಕೆಗಳನ್ನು ಹಾಕಿದರು. ಉಳಿಸಬೇಕೆಂದು ಹೊರಟವರು ರಕ್ತ ನಿಲ್ಲದಿದ್ದರೆ ಮೇಜಿನ ಮೇಲೆಯೇ ನಿರ್ಧಾರ ಬದಲಾಯಿಸಬೇಕಾಗುತ್ತದೆ, ಆಗ ಲಸಿಕೆಗೆ ಸಮಯವಿರುವುದಿಲ್ಲ ಎಂದರು ವೈದ್ಯೆ. ಆ ಮಾತನ್ನು ಬರೆದು ಸಹಿ ಮಾಡಿಸಿಕೊಂಡರು. ಸಹಿ ಹಾಕುವಾಗ ಹುಡುಗಿಯ ತಾಯಿಯ ಕೈ ನಡುಗಿತು, ನಾನು ಪಕ್ಕದಲ್ಲಿದ್ದೆ.

ಒಳಗೆ ನಡೆದದ್ದನ್ನು ಆಮೇಲೆ ಪರದೆಯ ಮೇಲೆ ತೋರಿಸಿದರು. ಬಲಮಗ್ಗುಲಾಗಿ ಮಲಗಿಸಿ, ನಾಲ್ಕು ಸಣ್ಣ ರಂಧ್ರ ಮಾಡಿ, ಇಂಗಾಲಾಮ್ಲ ಅನಿಲದಿಂದ ಹೊಟ್ಟೆಯನ್ನು ಗುಡಾರದಂತೆ ಎತ್ತಿದ್ದರು. ಹತ್ತು ಮಿಲಿಮೀಟರಿನ ನಳಿಗೆಯ ತುದಿಯಲ್ಲಿ ಬೆಳಕೂ ಕಣ್ಣೂ. ನೇರಳೆಗೆಂಪಿನ ಗುಲ್ಮದ ಮೇಲೆ ಬಿಳುಪಾದ ಚೀಲ, ಮೊಟ್ಟೆಯ ಸಿಪ್ಪೆಯಂತೆ ಹೊಳೆಯುತ್ತಿತ್ತು. ಮೊದಲು ನೀರು ಹೀರಿದರು. ಸೀಸೆಯಲ್ಲಿ ಸಂಗ್ರಹವಾದದ್ದು 600 ಮಿಲಿಲೀಟರಿಗೂ ಮಿಕ್ಕಿ. ಬಳಿಕ ಮೇಲ್ತುದಿಗೆ ಹೋಗುವ ಕವಲೊಂದನ್ನು ಬಿಡಿಸಿ ಬಿಗಿದರು. ನೋಡುತ್ತಿದ್ದಂತೆಯೇ ಗುಲ್ಮದ ಆ ಭಾಗ ಕಪ್ಪಿಡತೊಡಗಿತು. ಉಳಿದದ್ದು ಕೆಂಪಾಗಿಯೇ ಇತ್ತು. ನಡುವೆ ಯಾರೋ ಗೆರೆ ಎಳೆದಂತೆ ಒಂದು ಸ್ಪಷ್ಟವಾದ ಎಲ್ಲೆ. ಕಪ್ಪಾದ ಬದಿಯಲ್ಲಿ, ಗೆರೆಯಿಂದ ಒಂದಿಷ್ಟು ಆಚೆಗೆ, ಶಬ್ದಾತೀತ ಕಂಪನದ ಕತ್ತರಿಯಿಂದ ಕತ್ತರಿಸುತ್ತ ಹೋದರು. ಒಂದೆಡೆ ಮಾತ್ರ ರಕ್ತ ಚಿಮ್ಮಿ ಪರದೆಯೆಲ್ಲ ಕೆಂಪಾಯಿತು. ಮುಗಿದುಹೋದ ಸಂಗತಿಯೆಂದು ತಿಳಿದಿದ್ದರೂ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅರಿವೆ ಒತ್ತಿ ಹಿಡಿದರು, ಕಾದರು, ತೆಗೆದರು, ನಿಂತಿತ್ತು. ಕತ್ತರಿಸಿದ ತುದಿಯನ್ನು ಒಂದು ಚೀಲದಲ್ಲಿ ಹಾಕಿ ರಂಧ್ರವೊಂದರಿಂದ ಹೊರತೆಗೆದರು. ಗುಲ್ಮದ ಮೂರರಲ್ಲಿ ಎರಡು ಪಾಲು ಉಳಿಯಿತೆಂದರು.

ನಾಲ್ಕನೆಯ ದಿನ ಮನೆಗೆ ಬಂದಳು. ಸೂಕ್ಷ್ಮದರ್ಶಕದ ವರದಿಯಲ್ಲಿ ಚೀಲಕ್ಕೆ ಒಳಹೊರೆಯಿದ್ದುದು ಕಂಡಿತು. ಎಂದರೆ ಹುಟ್ಟಿನಿಂದಲೇ ಬಂದದ್ದು. ಹಾಕಿಯೇ ಕಾರಣವೆಂದು ಮನೆಯಲ್ಲಿ ಆರು ತಿಂಗಳಿಂದ ನಡೆದಿದ್ದ ವಾದ ಅಲ್ಲಿಗೆ ನಿಂತಿತು. ಆ ವರದಿಯನ್ನು ಹುಡುಗಿ ತನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದಾಳೆ.

ಇದನ್ನು ಕೇಳುತ್ತಿರುವವರ ಮನೆಗಳಲ್ಲಿಯೂ ಅಪಘಾತದಲ್ಲಿಯೋ ರಕ್ತದ ಕಾಯಿಲೆಯಲ್ಲಿಯೋ ಗುಲ್ಮ ಕಳೆದುಕೊಂಡವರು ಇರಬಹುದು. ಅವರು ತಮ್ಮ ವೈದ್ಯರನ್ನು ಲಸಿಕೆಗಳ ವಿಷಯವಾಗಿ ಒಮ್ಮೆ ಕೇಳಲಿ. ಚಳಿಜ್ವರ ಬಂದರೆ ಬೆಳಗಾಗಲೆಂದು ಕಾಯದಿರಲಿ. ಗುಲ್ಮವಿಲ್ಲವೆಂಬುದನ್ನು ವೈದ್ಯರಿಗೆ ಮೊದಲ ಮಾತಾಗಿ ಹೇಳಲಿ. ನಾಯಿ ಕಚ್ಚಿದರೆ ನಾವೆಲ್ಲ ಹುಚ್ಚಿಗೆ ಮಾತ್ರ ಹೆದರುತ್ತೇವೆ. ಗುಲ್ಮವಿಲ್ಲದವರಿಗೆ ಆರೋಗ್ಯವಂತ ನಾಯಿಯ ಬಾಯಲ್ಲಿರುವ ಒಂದು ಸಾಮಾನ್ಯ ಬ್ಯಾಕ್ಟೀರಿಯವೂ ಮಾರಕವಾಗಬಲ್ಲದು. ಮಲೇರಿಯಾ ಇರುವ ಸೀಮೆಗೆ ಹೋಗುವುದಿದ್ದರೂ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಮೂರು ತಿಂಗಳ ಬಳಿಕ ಅವಳ ರಕ್ತವನ್ನು ಗಾಜಿನ ಮೇಲೆ ಸವರಿ ಪರೀಕ್ಷಿಸಿದರು. ಗುಲ್ಮ ಕೆಲಸ ಮಾಡದಿದ್ದರೆ ಕೆಂಪುಕಣಗಳೊಳಗೆ ಕಪ್ಪು ಚುಕ್ಕೆಯಂಥ ಕಸ ಉಳಿದುಬಿಡುತ್ತದೆ. ಅದನ್ನು ವಿವರಿಸಿದ ಇಬ್ಬರ ಹೆಸರಿನಿಂದ ಹೋವೆಲ್-ಜಾಲಿ ಕಾಯಗಳೆನ್ನುತ್ತಾರೆ. ಅವು ಇಲ್ಲವೆಂದು ವರದಿ ಬಂದಿತು. ಅದನ್ನು ತಂಗಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, 'ಅಣ್ಣನ ರಕ್ತದಲ್ಲಿ ಇದ್ದಿರಬೇಕು, ಅಲ್ಲವಾ?' ಎಂದಳು. ಇದ್ದಿರಬೇಕು ಎಂದೆ. ಹೊರಗೆ ಹುಡುಗಿ ಅಂಗಳದ ಗೋಡೆಗೆ ಚೆಂಡು ಹೊಡೆಯುತ್ತಿರುವ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ಇನ್ನೂ ಒಂದು ತಿಂಗಳು ಕೋಲು ಮುಟ್ಟಕೂಡದೆಂದು ವೈದ್ಯೆ ಹೇಳಿದ್ದರು.